ಹಳೆಯ ಜೀಪಿಗೆ ಮುಂದಿನ ಆಕ್ಸಲ್: ಕೊಳ್ಳುವ ಮುನ್ನ ಗುರುತಿಸುವ ಬಗೆ

ಮಾಯಕೊಂಡದ ಸುತ್ತಮುತ್ತ ಕೆಂಪು ಮಸಾರಿ ಭೂಮಿಯೂ ಉಂಟು, ಎರೆ ಭೂಮಿಯೂ ಉಂಟು. ಮಸಾರಿ ಹೊಲದ ದಾರಿಯಲ್ಲಿ ಮಳೆ ನಿಂತ ಮಾರನೆಯ ದಿನವೇ ಗಾಡಿ ಓಡಿಸಬಹುದು. ಎರೆ ಹೊಲದ ದಾರಿ ಹಾಗಲ್ಲ. ಒಂದು ಹದ ಮಳೆ ಬಿದ್ದರೆ ಸಾಕು, ಹಿಂದಿನ ಎರಡು ಚಕ್ರಗಳಿಂದ ಮಾತ್ರ ಎಳೆಯುವ ಜೀಪು ನಿಂತಲ್ಲೇ ಚಕ್ರ ತಿರುಗಿಸುತ್ತಾ ಹೂತುಕೊಳ್ಳುತ್ತದೆ. ಗೊಬ್ಬರದ ಚೀಲ, ಮೆಕ್ಕೆಜೋಳದ ಮೂಟೆ, ಕೆಟ್ಟುಹೋದ ಪಂಪುಸೆಟ್ಟು ಇವುಗಳನ್ನು ಸಾಗಿಸಲು ಹಳೆಯ ಜೀಪನ್ನು ಇಟ್ಟುಕೊಂಡಿರುವ ರೈತರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಆದುದರಿಂದ "ಮುಂದಿನ ಚಕ್ರಗಳಿಗೂ ಎಳೆತ ಕೊಟ್ಟರೆ ಹೇಗೆ?" ಎಂಬ ಯೋಚನೆ ಬರುವುದು ಸಹಜ.

ದಾವಣಗೆರೆ ಮತ್ತು ಹರಿಹರ ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಊರುಗಳು. ಲಾರಿಗಳ ದುರಸ್ತಿ, ಬಿಡಿಭಾಗಗಳ ವ್ಯಾಪಾರ, ಗುಜರಿ ಇವೆಲ್ಲ ಇಲ್ಲಿ ರೈತರ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಮುಚ್ಚಿದ್ದರೂ ಅದು ತಯಾರಿಸಿದ ಲೇತುಗಳ ಹೆಸರು ಈ ಭಾಗದ ಕೆಲಸಗಾರರ ಬಾಯಲ್ಲಿ ಇನ್ನೂ ಇದೆ. ಹೀಗಾಗಿ ಹಳೆಯ ಆಕ್ಸಲ್ ಸಿಗುವುದೂ ಕಷ್ಟವಲ್ಲ, ಅದನ್ನು ಕೂರಿಸಿಕೊಡುವ ಕೆಲಸಗಾರರು ಸಿಗುವುದೂ ಕಷ್ಟವಲ್ಲ. ಕಷ್ಟವಿರುವುದು ಸರಿಯಾದ ಆಕ್ಸಲನ್ನು ಗುರುತಿಸುವುದರಲ್ಲಿ. "ಇದು ಲಾರಿಯದು, ಗಟ್ಟಿ ಮಾಲು" ಎಂಬ ಮಾತನ್ನು ನಂಬಿ ಕೊಂಡ ಆಕ್ಸಲ್ ಜೀಪಿಗೆ ಹೊಂದದೆ ಹೋದರೆ ಒಂದು ಬೆಳೆಯ ಲಾಭ ಗುಜರಿಯಲ್ಲೇ ಉಳಿಯುತ್ತದೆ. ಹೊಂದದಿದ್ದರೂ ಹೇಗೋ ಕೂರಿಸಿದರೆ ಪ್ರಾಣಕ್ಕೇ ಅಪಾಯ.

ಆಕ್ಸಲನ್ನು ಹೆಸರಿನಿಂದ ಗುರುತಿಸಬಾರದು. ಎಣಿಸಿ, ಅಳೆದು ಗುರುತಿಸಬೇಕು. ಅದಕ್ಕೆ ಬೇಕಾದ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಒಂದು ಅಳತೆ ಟೇಪು, ಸೀಮೆಸುಣ್ಣ, ತಂತಿ ಬ್ರಷ್ಷು, ಟಾರ್ಚು, ಒಂದು ಚಿಕ್ಕ ಆಯಸ್ಕಾಂತ ಮತ್ತು ಸ್ವಲ್ಪ ಸೀಮೆ ಎಣ್ಣೆ ಅಥವಾ ಡೀಸೆಲ್ ಇದ್ದರೆ ಸಾಕು.

ಮೊದಲ ಪ್ರಶ್ನೆ: ಇದು ಎಳೆಯುವ ಆಕ್ಸಲೇ?

ನಮ್ಮ ರಸ್ತೆಗಳಲ್ಲಿ ಓಡಾಡುವ ಸಾಮಾನ್ಯ ಲಾರಿಗಳ ಮುಂದಿನ ಆಕ್ಸಲ್ ಬಡಿದು ಮಾಡಿದ ಒಂದು ಗಟ್ಟಿ ಉಕ್ಕಿನ ತೊಲೆ. ಎತ್ತಿನ ಗಾಡಿಯ ಅಚ್ಚಿನಂತೆ ಅದು ಭಾರವನ್ನು ಹೊರುತ್ತದೆ, ಜೊತೆಗೆ ಚಕ್ರಗಳು ತಿರುಗಲು ಎಡೆಮಾಡುತ್ತದೆ, ಅಷ್ಟೇ. ಎಂಜಿನ್ನಿನ ಶಕ್ತಿ ಅದಕ್ಕೆ ತಲುಪುವುದಿಲ್ಲ. ಇಂಥ ಆಕ್ಸಲ್ ಎಷ್ಟೇ ಗಟ್ಟಿಯಾಗಿದ್ದರೂ ಜೀಪಿಗೆ ನಾಲ್ಕು ಚಕ್ರಗಳ ಎಳೆತ ಕೊಡಲಾರದು.

ಎಳೆಯುವ ಆಕ್ಸಲನ್ನು ಮೂರು ಗುರುತುಗಳಿಂದ ತಿಳಿಯಬಹುದು. ಅದು ಒಳಗೆ ಟೊಳ್ಳಾದ ಕೊಳವೆಯಾಗಿರುತ್ತದೆ. ಅದರ ಒಂದು ಕಡೆ ಅಥವಾ ನಡುವೆ ಡಿಫರೆನ್ಷಿಯಲ್ ಇರುವ ಗುಂಡು ಹೊಟ್ಟೆ ಇರುತ್ತದೆ, ಆ ಹೊಟ್ಟೆಯಿಂದ ಪ್ರೊಪೆಲರ್ ಶಾಫ್ಟನ್ನು ಜೋಡಿಸುವ ಫ್ಲ್ಯಾಂಜ್ ಹೊರಬಂದಿರುತ್ತದೆ. ಕೊಳವೆಯ ಎರಡು ತುದಿಗಳಲ್ಲಿ ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಗೆಣ್ಣುಗಳಿರುತ್ತವೆ. ಹಳೆಯ ಜೀಪುಗಳಲ್ಲಿ ಈ ಗೆಣ್ಣು ನುಣುಪಾದ ಕಬ್ಬಿಣದ ಗೋಳದಂತೆ ಕಾಣುತ್ತದೆ, ಅದರ ಸುತ್ತ ಗ್ರೀಸ್ ಸೋರದಂತೆ ಸೀಲು ಇರುತ್ತದೆ. ಈ ಮೂರರಲ್ಲಿ ಮೊದಲೆರಡು ಮಾತ್ರ ಇದ್ದು ತುದಿಗಳಲ್ಲಿ ಗೆಣ್ಣುಗಳಿಲ್ಲದಿದ್ದರೆ ಅದು ಹಿಂದಿನ ಆಕ್ಸಲ್. ಅದನ್ನು ಮುಂದಕ್ಕೆ ಕೂರಿಸಲು ಬರುವುದಿಲ್ಲ.

ಎಳೆಯುವ ಮುಂದಿನ ಆಕ್ಸಲ್ ಇರುವ ವಾಹನಗಳು ನಮ್ಮಲ್ಲಿ ಕೆಲವೇ. 1940ರ ದಶಕದ ಕೊನೆಯಿಂದ ಮಹೀಂದ್ರದವರು ನಮ್ಮ ದೇಶದಲ್ಲಿ ಜೋಡಿಸಿ, ಆಮೇಲೆ ತಾವೇ ತಯಾರಿಸುತ್ತ ಬಂದ ವಿಲ್ಲಿಸ್ ಮಾದರಿಯ ಜೀಪುಗಳು ಇವುಗಳಲ್ಲಿ ಮುಖ್ಯವಾದವು. 1985ರಲ್ಲಿ ಬಂದ ಮಾರುತಿ ಜಿಪ್ಸಿ ಇನ್ನೊಂದು. ಇವಲ್ಲದೆ ಸೈನ್ಯ ವಿಲೇವಾರಿ ಮಾಡಿದ ವಾಹನಗಳಿವೆ: ಜಬಲ್ಪುರದ ಕಾರ್ಖಾನೆಯಲ್ಲಿ ಜರ್ಮನಿಯ ಮ್ಯಾನ್ ಕಂಪನಿಯ ಮಾದರಿಯಂತೆ ತಯಾರಾದ ಶಕ್ತಿಮಾನ್ ಲಾರಿ, ಜಪಾನಿನ ನಿಸ್ಸಾನ್ ಮಾದರಿಯ ಒಂದು ಟನ್ ಲಾರಿ ಮತ್ತು ಜೋಂಗಾ, ನಂತರದ ಸ್ಟಾಲಿಯನ್ ಲಾರಿ. ಇಂಥ ವಾಹನಗಳು ಹರಾಜಿನಲ್ಲಿ ಮಾರಾಟವಾದ ಮೇಲೆ ಅವುಗಳ ಭಾಗಗಳು ಬಿಡಿಬಿಡಿಯಾಗಿ ಗುಜರಿಗೆ ಬರುತ್ತವೆ.

ಎರಡು ವಿಷಯಗಳಲ್ಲಿ ಎಚ್ಚರ ಅಗತ್ಯ. 2010ರಿಂದ ಬಂದ ಥಾರ್ ಜೀಪಿನ ಹಲವು ಮಾದರಿಗಳಲ್ಲಿ ಮುಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ, ಅಲ್ಲಿ ಅಡ್ಡಲಾಗಿ ಇಡೀ ಆಕ್ಸಲೇ ಇಲ್ಲ. ಆದ್ದರಿಂದ ಅದರ ಮುಂಭಾಗವನ್ನು ಬಿಚ್ಚಿ ಹಳೆಯ ಜೀಪಿನ ಪಟ್ಟಿ ಸ್ಪ್ರಿಂಗಿನ ಮೇಲೆ ಕೂರಿಸಲಾಗದು. ಎರಡನೆಯದಾಗಿ, ನಾಲ್ಕು ಚಕ್ರಗಳಿಂದಲೂ ಎಳೆಯುವ ಟ್ರ್ಯಾಕ್ಟರಿನ ಮುಂದಿನ ಆಕ್ಸಲನ್ನು ಜೀಪಿಗೆ ಹಾಕಬಹುದೆಂದು ಕೆಲವರು ಹೇಳುತ್ತಾರೆ. ಅದು ನಡುವೆ ಒಂದೇ ಕೀಲಿನ ಮೇಲೆ ತೂಗುವ, ಸ್ಪ್ರಿಂಗಿಲ್ಲದ, ನಿಧಾನದ ಓಟಕ್ಕಾಗಿ ಮಾಡಿದ ಆಕ್ಸಲ್. ರಸ್ತೆಯ ವೇಗಕ್ಕೆ ಅದು ತಕ್ಕುದಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ

ಎಳೆಯುವ ಆಕ್ಸಲ್ ಎಂದು ಖಚಿತವಾದ ಮೇಲೆ ಅದರ ಗೇರ್ ಪ್ರಮಾಣವನ್ನು ತಿಳಿಯಬೇಕು. ಪ್ರೊಪೆಲರ್ ಶಾಫ್ಟು ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂಬುದೇ ಗೇರ್ ಪ್ರಮಾಣ. ಹೊಟ್ಟೆಯೊಳಗಿನ ದೊಡ್ಡ ಕ್ರೌನ್ ಚಕ್ರದ ಹಲ್ಲುಗಳನ್ನು ಚಿಕ್ಕ ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ವಿಲ್ಲಿಸ್ ಮಾದರಿಯ ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಸಾಮಾನ್ಯವಾಗಿ ಕ್ರೌನ್ ಚಕ್ರಕ್ಕೆ 43, ಪಿನಿಯನ್ನಿಗೆ 8 ಹಲ್ಲು. ಅಂದರೆ ಪ್ರಮಾಣ 5.38. ಎರಡನೆಯ ಮಹಾಯುದ್ಧದ ಕಾಲದ ಸೈನ್ಯದ ಜೀಪಿನಲ್ಲಿ 39 ಮತ್ತು 8 ಹಲ್ಲು, ಪ್ರಮಾಣ 4.88. ನಂತರ ಬಂದ ಡೀಸೆಲ್ ಜೀಪುಗಳಲ್ಲಿ ಎಂಜಿನ್ ಮತ್ತು ಗೇರ್ ಬಾಕ್ಸಿಗೆ ತಕ್ಕಂತೆ ಈ ಪ್ರಮಾಣ ಬೇರೆ ಬೇರೆಯಾಗಿರುತ್ತದೆ.

ಮುಂದಿನ ಆಕ್ಸಲಿನ ಪ್ರಮಾಣವೂ ಹಿಂದಿನ ಆಕ್ಸಲಿನ ಪ್ರಮಾಣವೂ ಒಂದೇ ಆಗಿರಲೇಬೇಕು. ಇದಕ್ಕೆ ಕಾರಣ ಹೀಗಿದೆ. ನಾಲ್ಕು ಚಕ್ರಗಳ ಎಳೆತದ ಲಿವರ್ ಹಾಕಿದಾಗ ಟ್ರಾನ್ಸ್‌ಫರ್ ಕೇಸಿನೊಳಗೆ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಂಡು ಸಮನಾಗಿ ತಿರುಗುತ್ತವೆ. ಹಿಂದಿನ ಆಕ್ಸಲ್ 5.38, ಮುಂದಿನದು 4.88 ಎಂದಿಟ್ಟುಕೊಳ್ಳಿ. ಆಗ ಹಿಂದಿನ ಚಕ್ರಗಳು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಮುಂದಿನ ಚಕ್ರಗಳು ಸುಮಾರು ನೂರು ಮೀಟರ್ ಹೆಚ್ಚು ಸಾಗಲು ಯತ್ನಿಸುತ್ತವೆ. ಜೋಡೆತ್ತಿನಲ್ಲಿ ಒಂದು ದಾಪುಗಾಲು ಹಾಕಿ, ಇನ್ನೊಂದು ನಿಧಾನವಾಗಿ ನಡೆದರೆ ನೊಗದ ಗತಿ ಏನಾಗುವುದೋ ಇಲ್ಲಿಯೂ ಹಾಗೆಯೇ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಈ ದೋಷ ಒಡನೆಯೇ ಕಾಣಿಸುವುದಿಲ್ಲ. ಗಟ್ಟಿ ನೆಲಕ್ಕೆ ಬಂದ ಕೂಡಲೇ ಜೀಪು ಬಿಗಿಹಿಡಿದಂತಾಗುತ್ತದೆ, ಲಿವರ್ ಬಿಡಿಸಲು ಬರುವುದಿಲ್ಲ, ಟೈರು ಸವೆಯುತ್ತದೆ; ಕೊನೆಗೆ ಜಾಯಿಂಟ್ ಕ್ರಾಸ್ ಅಥವಾ ಟ್ರಾನ್ಸ್‌ಫರ್ ಕೇಸಿನ ಹಲ್ಲು ಮುರಿಯುತ್ತದೆ. ಶೇಕಡಾ ಒಂದರೊಳಗಿನ ವ್ಯತ್ಯಾಸವನ್ನು ಟೈರುಗಳು ತಡೆದುಕೊಳ್ಳುತ್ತವೆ. ಶೇಕಡಾ ಹತ್ತರ ವ್ಯತ್ಯಾಸವನ್ನು ಯಾವುದೂ ತಡೆಯಲಾರದು. ಇದೇ ಕಾರಣಕ್ಕೆ ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಬೇಕು.

ಬಿಚ್ಚದೆಯೇ ಪ್ರಮಾಣ ಕಂಡುಹಿಡಿಯುವುದು

ಗುಜರಿಯಲ್ಲಿ ಬಿದ್ದಿರುವ ಆಕ್ಸಲನ್ನು ಬಿಚ್ಚಲು ಅಂಗಡಿಯವರು ಒಪ್ಪದಿರಬಹುದು. ಬಿಚ್ಚದೆ ಎಣಿಸುವ ಕ್ರಮ ಹೀಗಿದೆ:

1. ಆಕ್ಸಲಿನ ಎರಡೂ ಹಬ್ಬುಗಳು ನೆಲಕ್ಕೆ ತಾಗದಂತೆ ಮರದ ದಿಮ್ಮಿಗಳ ಮೇಲೆ ಇಡಿಸಿ.

2. ಹಬ್ಬಿನ ತುದಿಯಲ್ಲಿ ಫ್ರೀ ವೀಲ್ ಮಾಡುವ ಗುಂಡಿ ಇದ್ದರೆ ಅದನ್ನು ಲಾಕ್ ಸ್ಥಿತಿಗೆ ತಿರುಗಿಸಿ. ಇಲ್ಲವಾದರೆ ಹಬ್ಬು ತಿರುಗಿದರೂ ಒಳಗಿನ ಶಾಫ್ಟು ತಿರುಗುವುದಿಲ್ಲ.

3. ಒಂದು ಹಬ್ಬಿನ ಮೇಲೂ ಫ್ಲ್ಯಾಂಜಿನ ಮೇಲೂ ಸೀಮೆಸುಣ್ಣದಿಂದ ಒಂದೊಂದು ಗೆರೆ ಎಳೆಯಿರಿ.

4. ಗೆರೆ ಎಳೆಯದ ಹಬ್ಬನ್ನು ಒಬ್ಬರು ಅಲುಗಾಡದಂತೆ ಹಿಡಿದಿರಲಿ. ಇನ್ನೊಬ್ಬರು ಗೆರೆ ಎಳೆದ ಹಬ್ಬನ್ನು ಸರಿಯಾಗಿ 20 ಸುತ್ತು ತಿರುಗಿಸಲಿ. ಫ್ಲ್ಯಾಂಜು ಎಷ್ಟು ಸುತ್ತು ತಿರುಗಿತೆಂದು ನೀವು ಎಣಿಸಿ.

5. ಬಂದ ಸಂಖ್ಯೆಯನ್ನು 10ರಿಂದ ಭಾಗಿಸಿ. ಅದೇ ಗೇರ್ ಪ್ರಮಾಣ.

ಇಪ್ಪತ್ತು ಸುತ್ತು ತಿರುಗಿಸಿ ಹತ್ತರಿಂದ ಭಾಗಿಸುವುದೇಕೆಂಬ ಅನುಮಾನ ಬರಬಹುದು. ಒಂದು ಹಬ್ಬು ನಿಂತು ಇನ್ನೊಂದು ತಿರುಗಿದಾಗ ಡಿಫರೆನ್ಷಿಯಲ್ಲಿನ ಗುಣದಿಂದ ಕ್ರೌನ್ ಚಕ್ರ ಅದರ ಅರ್ಧದಷ್ಟೇ ತಿರುಗುತ್ತದೆ. ಆದುದರಿಂದ ಹಬ್ಬಿನ 20 ಸುತ್ತು ಎಂದರೆ ಕ್ರೌನ್ ಚಕ್ರದ 10 ಸುತ್ತು. ಫ್ಲ್ಯಾಂಜು ಐವತ್ತಮೂರೂ ಮುಕ್ಕಾಲು ಸುತ್ತು ತಿರುಗಿದರೆ ಪ್ರಮಾಣ 5.38, ನಲವತ್ತೆಂಟೂ ಮುಕ್ಕಾಲು ಸುತ್ತು ತಿರುಗಿದರೆ 4.88. ಒಂದೆರಡು ಸುತ್ತು ಮಾತ್ರ ತಿರುಗಿಸಿ ಅಂದಾಜು ಮಾಡಿದರೆ ಹತ್ತಿರ ಹತ್ತಿರದ ಪ್ರಮಾಣಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ.

ಹೊಟ್ಟೆಯ ಮುಚ್ಚಳ ತೆಗೆಯಲು ಅವಕಾಶ ಸಿಕ್ಕರೆ ಹಲ್ಲುಗಳನ್ನೇ ಎಣಿಸಿ. ಹಲವು ಕ್ರೌನ್ ಚಕ್ರಗಳ ಅಂಚಿನಲ್ಲಿ ಎರಡರ ಹಲ್ಲುಗಳ ಸಂಖ್ಯೆಯನ್ನೂ ಒತ್ತಿರುತ್ತಾರೆ.

ನಿಮ್ಮ ಜೀಪಿನ ಹಿಂದಿನ ಆಕ್ಸಲಿನ ಪ್ರಮಾಣವನ್ನು ಗುಜರಿಗೆ ಹೊರಡುವ ಮೊದಲೇ ಮನೆಯಲ್ಲಿ ಎಣಿಸಿಕೊಂಡಿರಬೇಕು. ಸಮನೆಲದ ಮೇಲೆ ಜೀಪು ನಿಲ್ಲಿಸಿ, ಮುಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹಿಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕಿನಿಂದ ಎತ್ತಿ ಆಕ್ಸಲಿನ ಕೆಳಗೆ ಭದ್ರವಾದ ದಿಮ್ಮಿ ಇಡಿ. ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ ಪ್ರೊಪೆಲರ್ ಶಾಫ್ಟಿನ ಸುತ್ತು ಎಣಿಸಿ 10ರಿಂದ ಭಾಗಿಸಿ. ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟನ್ನು ಹಿಡಿಯುತ್ತದೆ. ಎಣಿಸುವಾಗ ಅದನ್ನು ಬಿಡಲೇಬೇಕಾಗುತ್ತದೆ, ಆಗ ಜೀಪನ್ನು ಹಿಡಿದಿರುವುದು ನೀವು ಕೊಟ್ಟ ಕಲ್ಲುಗಳು ಮಾತ್ರ. ಆದುದರಿಂದ ಕಲ್ಲು ಕೊಡದೆ ಈ ಕೆಲಸ ಮಾಡಬೇಡಿ. ಬರೀ ಜ್ಯಾಕಿನ ಮೇಲೆ ನಿಂತ ವಾಹನದ ಕೆಳಗೆ ಎಂದೂ ನುಸುಳಬೇಡಿ.

ಹೊಟ್ಟೆ ಯಾವ ಕಡೆಗಿದೆ?

ಪ್ರಮಾಣ ಹೊಂದಿತೆಂದು ಕೂಡಲೇ ಹಣ ಕೊಡಬೇಡಿ. ಆಕ್ಸಲಿನ ಹೊಟ್ಟೆ ಯಾವ ಪಕ್ಕಕ್ಕಿದೆ ಎಂಬುದನ್ನು ನೋಡಿ. ವಿಲ್ಲಿಸ್ ಮಾದರಿಯ ಹಳೆಯ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟು ಬಲಗಡೆಗೆ ಸರಿದು ಹೊರಡುತ್ತದೆ. ಆದುದರಿಂದ ಮುಂದಿನ ಆಕ್ಸಲಿನ ಹೊಟ್ಟೆಯೂ ಬಲಗಡೆಗೇ ಇರುತ್ತದೆ. ಎಡಗಡೆಗೆ ಹೊಟ್ಟೆ ಇರುವ ಆಕ್ಸಲನ್ನು ತಂದರೆ ಶಾಫ್ಟು ಎಂಜಿನ್ನಿನ ಎಣ್ಣೆ ತೊಟ್ಟಿಯ ಕೆಳಗೆ ಓರೆಯಾಗಿ ಹಾಯಬೇಕಾಗುತ್ತದೆ. "ಮೇಲೆ ಕೆಳಗೆ ಮಾಡಿ ಕೂರಿಸಿದರಾಯಿತು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಕ್ಸಲನ್ನು ಬುಡಮೇಲು ಮಾಡಿದರೆ ಹೊಟ್ಟೆ ಬಲಕ್ಕೆ ಬರುವುದೇನೋ ನಿಜ. ಆದರೆ ಚಕ್ರಗಳು ಹಿಂದುಮುಂದಾಗಿ ತಿರುಗುತ್ತವೆ: ಹಿಂದಿನ ಚಕ್ರಗಳು ಮುಂದಕ್ಕೆ ದೂಡಿದರೆ ಮುಂದಿನವು ಹಿಂದಕ್ಕೆ ಎಳೆಯುತ್ತವೆ.

ನಿಮ್ಮದು ಮೂಲತಃ ಎರಡು ಚಕ್ರಗಳ ಎಳೆತದ ಜೀಪಾಗಿದ್ದರೆ ಇನ್ನೂ ಒಂದು ವಿಷಯವಿದೆ. ಅಂಥ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸೇ ಇಲ್ಲದಿರಬಹುದು. ಆಗ ಆಕ್ಸಲ್ ಮಾತ್ರ ಕೊಂಡರೆ ಪ್ರಯೋಜನವಿಲ್ಲ. ಟ್ರಾನ್ಸ್‌ಫರ್ ಕೇಸು, ಅದಕ್ಕೆ ಹೊಂದುವ ಗೇರ್ ಬಾಕ್ಸಿನ ಹಿಂಭಾಗ, ಎರಡು ಶಾಫ್ಟುಗಳು, ಲಿವರುಗಳು ಎಲ್ಲವೂ ಬೇಕು. ಹೊಸ ಟ್ರಾನ್ಸ್‌ಫರ್ ಕೇಸಿನ ಶಾಫ್ಟಿನ ನೇರಕ್ಕೆ ಈಗಿರುವ ಹಿಂದಿನ ಆಕ್ಸಲಿನ ಹೊಟ್ಟೆ ಬರುವುದೇ ಎಂದೂ ನೋಡಬೇಕು. ಇವೆಲ್ಲದರ ಖರ್ಚನ್ನು ಒಟ್ಟಿಗೆ ಬರೆದು ಕೂಡಿಸಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ. ಎಷ್ಟೋ ವೇಳೆ ಈ ಲೆಕ್ಕ ನೋಡಿದರೆ ಮೊದಲಿನಿಂದಲೇ ನಾಲ್ಕು ಚಕ್ರಗಳ ಎಳೆತವಿರುವ ಹಳೆಯ ಜೀಪು ಕೊಳ್ಳುವುದೇ ಅಗ್ಗವಾಗಿ ಕಾಣುತ್ತದೆ.

ಅಗಲ, ಸ್ಪ್ರಿಂಗಿನ ಸ್ಥಾನ ಮತ್ತು ಚಕ್ರದ ಬೋಲ್ಟು

ಅಗಲ: ಒಂದು ಹಬ್ಬಿನಲ್ಲಿ ಚಕ್ರ ಕೂರುವ ಮುಖದಿಂದ ಇನ್ನೊಂದು ಹಬ್ಬಿನ ಅದೇ ಮುಖದವರೆಗೆ ಅಳೆಯಿರಿ. ಹಿಂದಿನ ಆಕ್ಸಲಿನ ಅಳತೆಗೂ ಇದಕ್ಕೂ ಹೋಲಿಸಿ ನೋಡಿ. ವಿಲ್ಲಿಸ್ ಮಾದರಿಯ ಹಳೆಯ ಜೀಪಿನಲ್ಲಿ ಎಡ ಬಲ ಟೈರುಗಳ ನಡುಗೆರೆಗಳ ಅಂತರ ಸುಮಾರು 48 ಅಂಗುಲ. ಲಾರಿಯಲ್ಲಿ ಇದು ಆರು ಅಡಿಯ ಆಸುಪಾಸು. ಲಾರಿಯ ಆಕ್ಸಲ್ ಹಾಕಿದರೆ ಚಕ್ರಗಳು ಮಡ್‌ಗಾರ್ಡಿನಿಂದ ಹೊರಗೆ ಚಾಚಿಕೊಳ್ಳುತ್ತವೆ. ಮುಂದಿನ ಚಕ್ರ ಮಾಡಿದ ಜಾಡಿನಲ್ಲಿ ಹಿಂದಿನ ಚಕ್ರ ಬರದೆ ಕೆಸರಿನಲ್ಲಿ ಜೀಪು ನಾಲ್ಕು ಜಾಡು ಕೊರೆಯುತ್ತದೆ. ಎಳೆತಕ್ಕಾಗಿ ಮಾಡಿದ ಖರ್ಚು ಹೀಗೆ ವ್ಯರ್ಥವಾಗುತ್ತದೆ.

ಸ್ಪ್ರಿಂಗಿನ ಸ್ಥಾನ: ಪಟ್ಟಿ ಸ್ಪ್ರಿಂಗ್ ಕೂರುವ ಎರಡು ಪೀಠಗಳ ನಡುವಿನ ಅಂತರವನ್ನು ನಡುವಿನಿಂದ ನಡುವಿಗೆ ಅಳೆಯಿರಿ. ಇದು ನಿಮ್ಮ ಚಾಸಿಯ ಸ್ಪ್ರಿಂಗುಗಳ ಅಂತರಕ್ಕೆ ಸರಿಹೊಂದಬೇಕು. ಪೀಠವನ್ನು ಕತ್ತರಿಸಿ ಬೇರೆಡೆ ಬೆಸುಗೆ ಹಾಕಿದರೆ ಚಕ್ರದ ಕಿಂಗ್ ಪಿನ್ನಿನ ಓರೆ ಬದಲಾಗುವ ಸಂಭವವಿದೆ. ಕಿಂಗ್ ಪಿನ್ ಮೇಲ್ತುದಿಯಲ್ಲಿ ಸ್ವಲ್ಪ ಹಿಂದಕ್ಕೆ ವಾಲಿರುವುದರಿಂದಲೇ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತದೆ. ಈ ಓರೆ ಕೆಟ್ಟರೆ ಜೀಪು ರಸ್ತೆಯಲ್ಲಿ ಅತ್ತಿತ್ತ ಎಳೆಯುತ್ತದೆ, ವೇಗದಲ್ಲಿ ಚಕ್ರಗಳು ನಡುಗುತ್ತವೆ.

ಚಕ್ರದ ಬೋಲ್ಟು: ಹಬ್ಬಿನಲ್ಲಿ ಎಷ್ಟು ಬೋಲ್ಟುಗಳಿವೆ, ಅವು ಎಷ್ಟು ಅಗಲದ ವೃತ್ತದ ಮೇಲಿವೆ ಎಂದು ತಿಳಿಯಬೇಕು. ಆರು ಬೋಲ್ಟುಗಳಿದ್ದರೆ ಎದುರುಬದುರಿನ ಎರಡರ ನಡುವಿನ ಅಂತರವೇ ವೃತ್ತದ ಅಗಲ. ಐದಿದ್ದರೆ ಎದುರುಬದುರು ಬರುವುದಿಲ್ಲ. ಆಗ ಪಕ್ಕಪಕ್ಕದ ಎರಡು ಬೋಲ್ಟುಗಳ ಅಂತರವನ್ನು ನಡುವಿನಿಂದ ನಡುವಿಗೆ ಅಳೆದು 1.7ರಿಂದ ಗುಣಿಸಿ. ಪಕ್ಕಪಕ್ಕದ ಅಂತರ 82 ಮಿ.ಮೀ. ಬಂದರೆ ವೃತ್ತದ ಅಗಲ ಸುಮಾರು 139.7 ಮಿ.ಮೀ., ಅಂದರೆ ಐದೂವರೆ ಅಂಗುಲ.

ಇಲ್ಲಿಯೇ ಹಲವರು ಮೋಸಹೋಗುತ್ತಾರೆ. ಹಳೆಯ ಜೀಪಿಗೂ ಜಿಪ್ಸಿಗೂ ಚಕ್ರದ ಬೋಲ್ಟುಗಳು ಐದೇ, ವೃತ್ತವೂ ಐದೂವರೆ ಅಂಗುಲದ್ದೇ. ನಿಮ್ಮ ಜೀಪಿನ ಚಕ್ರ ಆ ಹಬ್ಬಿಗೆ ಸರಿಯಾಗಿ ಕೂತಿತೆಂದು ಆಕ್ಸಲೂ ನಿಮ್ಮ ಜೀಪಿನದೇ ಎಂದು ತಿಳಿಯಬಾರದು. ಬೋಲ್ಟು ಹೊಂದುವುದು ಅಗತ್ಯ. ಆದರೆ ಅದೊಂದೇ ಗುರುತಲ್ಲ. ಕೆಲವು ಹಳೆಯ ವಾಹನಗಳಲ್ಲಿ ಎಡಗಡೆಯ ಚಕ್ರದ ನಟ್ಟುಗಳಿಗೆ ಎಡಮರೆ ಇರುತ್ತದೆ ಎಂಬುದನ್ನೂ ನೆನಪಿಡಿ. ತಿಳಿಯದೆ ಬಲವಂತ ಮಾಡಿದರೆ ಬೋಲ್ಟೇ ಮುರಿಯುತ್ತದೆ.

ಅಚ್ಚೊತ್ತಿದ ಸಂಖ್ಯೆಯ ಅರ್ಥ

ಹೊಟ್ಟೆಯ ಮೇಲಿನ ಜಿಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು ಸೀಮೆಸುಣ್ಣ ಸವರಿದರೆ ಉಬ್ಬಿದ ಅಂಕೆಗಳು ಸ್ಪಷ್ಟವಾಗಿ ಕಾಣುತ್ತವೆ. ಅಮೆರಿಕದ ಡಾನಾ ಅಥವಾ ಸ್ಪೈಸರ್ ಮಾದರಿಯ ಆಕ್ಸಲುಗಳಲ್ಲಿ ಹೊಟ್ಟೆಯ ಬಲಪಟ್ಟಿಯ ಮೇಲೆ ಮಾದರಿಯ ಸಂಖ್ಯೆ ಇರುತ್ತದೆ. 25 ಮತ್ತು 27 ಹಳೆಯ ಜೀಪುಗಳ ಮುಂದಿನ ಆಕ್ಸಲಿನ ಸಂಖ್ಯೆಗಳು, 44 ಅವುಗಳಿಗಿಂತ ದೊಡ್ಡ ಮಾದರಿ. ಈ ಸಂಖ್ಯೆ ಬೇರಿಂಗು, ಸೀಲು, ಕ್ರೌನ್-ಪಿನಿಯನ್ ಕೊಳ್ಳುವಾಗ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಎರಕದ ಗುರುತು ಮಾತ್ರ, ಗೇರ್ ಪ್ರಮಾಣವನ್ನು ಅದು ಹೇಳುವುದಿಲ್ಲ. ಒಂದೇ ಎರಕದೊಳಗೆ ಕಾರ್ಖಾನೆಯವರೇ ಬೇರೆ ಬೇರೆ ಪ್ರಮಾಣದ ಗೇರುಗಳನ್ನು ಹಾಕುತ್ತಿದ್ದರು, ಆಮೇಲೆ ಯಾರಾದರೂ ಬದಲಾಯಿಸಿರಲೂ ಬಹುದು. ಸಂಖ್ಯೆ ಕಂಡರೂ ಸುತ್ತು ಎಣಿಸುವುದನ್ನು ಬಿಡಬೇಡಿ.

ಬ್ರೇಕು ಮತ್ತು ಸ್ಟಿಯರಿಂಗ್

ಭಾರಿ ಲಾರಿಗಳ ಬ್ರೇಕು ಒತ್ತಿದ ಗಾಳಿಯಿಂದ ಕೆಲಸ ಮಾಡುತ್ತದೆ, ಜೀಪಿನದು ಬ್ರೇಕ್ ಎಣ್ಣೆಯಿಂದ. ಗಾಳಿ ಬ್ರೇಕಿನ ಆಕ್ಸಲನ್ನು ಜೀಪಿಗೆ ತಂದರೆ ಅದಕ್ಕೆ ಗಾಳಿ ಒತ್ತುವ ಕಂಪ್ರೆಸರಾಗಲಿ ತೊಟ್ಟಿಯಾಗಲಿ ಜೀಪಿನಲ್ಲಿ ಇರುವುದಿಲ್ಲ. "ಮುಂದಿನ ಬ್ರೇಕು ಬಿಟ್ಟು ಹಿಂದಿನದರಿಂದಲೇ ಓಡಿಸಿ" ಎಂಬ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಬ್ರೇಕು ಒತ್ತಿದಾಗ ವಾಹನದ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚು ಪಾಲನ್ನು ಮುಂದಿನ ಚಕ್ರಗಳೇ ಮಾಡುತ್ತವೆ. ಎಣ್ಣೆ ಬ್ರೇಕಿನ ಆಕ್ಸಲೇ ಆದರೂ ಅದರ ಚಕ್ರದ ಸಿಲಿಂಡರುಗಳಿಗೆ ನಿಮ್ಮ ಮಾಸ್ಟರ್ ಸಿಲಿಂಡರ್ ಸಾಕಷ್ಟು ಎಣ್ಣೆ ಒದಗಿಸಬೇಕು. ಇದನ್ನು ಬ್ರೇಕಿನ ಕೆಲಸ ತಿಳಿದವರಿಂದಲೇ ಖಚಿತಪಡಿಸಿಕೊಳ್ಳಿ.

ಸ್ಟಿಯರಿಂಗಿನ ತೋಳು ಯಾವ ಪಕ್ಕಕ್ಕಿದೆ, ಟೈ ರಾಡು ಆಕ್ಸಲಿನ ಮುಂದಿದೆಯೋ ಹಿಂದಿದೆಯೋ ಎಂದು ನೋಡಿ ಬರೆದುಕೊಳ್ಳಿ. ಸ್ಟಿಯರಿಂಗಿನ ತೋಳನ್ನು ಕಾಯಿಸಿ ಬಗ್ಗಿಸುವುದಾಗಲಿ ಬೆಸುಗೆ ಹಾಕುವುದಾಗಲಿ ಕೂಡದು. ಅದು ಮುರಿದರೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ.

"ಲಾರಿಯದು ಗಟ್ಟಿ, ಜೀಪಿಗೆ ಹಾಕಿದರೆ ಜನ್ಮದಲ್ಲಿ ಮುರಿಯದು" ಎನ್ನುವವರಿಗೂ ಉತ್ತರ ಇದರಲ್ಲಿಯೇ ಇದೆ. ಹಳೆಯ ಜೀಪಿನ ಒಟ್ಟು ತೂಕವೇ ಸುಮಾರು ಒಂದು ಟನ್ನು. ಅದರ ಸ್ಪ್ರಿಂಗು, ಬ್ರೇಕು, ಸ್ಟಿಯರಿಂಗ್ ಎಲ್ಲವೂ ಆ ತೂಕಕ್ಕೆ ತಕ್ಕವು. ಸ್ಪ್ರಿಂಗಿನ ಕೆಳಗೆ ಲಾರಿಯ ಭಾರದ ಆಕ್ಸಲನ್ನು ತೂಗುಹಾಕಿದರೆ ಪ್ರತಿಯೊಂದು ತಗ್ಗಿನಲ್ಲಿಯೂ ಅದರ ಹೊಡೆತ ಚಾಸಿಗೆ ಬೀಳುತ್ತದೆ. ಗಟ್ಟಿಯಾದ ಭಾಗ ಉಳಿದು, ಅದನ್ನು ಹಿಡಿದಿರುವ ಭಾಗ ಮುರಿಯುತ್ತದೆ.

ಸವೆತ ಮತ್ತು ಬಿರುಕುಗಳ ಪರೀಕ್ಷೆ

ಅಳತೆಗಳು ಹೊಂದಿದ ಮೇಲೆ ಆಕ್ಸಲಿನ ಆರೋಗ್ಯವನ್ನು ಪರೀಕ್ಷಿಸಬೇಕು.

1. ಎಣ್ಣೆ: ಹೊಟ್ಟೆಯ ಬಿರಡೆ ಬಿಚ್ಚಿ ಸ್ವಲ್ಪ ಎಣ್ಣೆ ತೆಗೆಯಿರಿ. ಹಾಲಿನಂತೆ ಬಿಳಿಚಿಕೊಂಡಿದ್ದರೆ ಒಳಗೆ ನೀರು ಸೇರಿದೆ. ಆಯಸ್ಕಾಂತ ಅದ್ದಿದಾಗ ನುಣ್ಣನೆಯ ಕಪ್ಪು ಹುಡಿ ಅಂಟಿದರೆ ಸಾಮಾನ್ಯ ಸವೆತ. ಚೂರುಗಳು ಅಂಟಿದರೆ ಹಲ್ಲು ಅಥವಾ ಬೇರಿಂಗು ಒಡೆದಿದೆ.

2. ಕಿಂಗ್ ಪಿನ್: ಹಬ್ಬಿನ ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಗೆಣ್ಣು ಕಟಕಟ ಎಂದು ಆಡಿದರೆ ಕಿಂಗ್ ಪಿನ್ ಬೇರಿಂಗು ಸವೆದಿದೆ. ಗೆಣ್ಣು ಅಲುಗದೆ ಹಬ್ಬು ಮಾತ್ರ ಆಡಿದರೆ ಹಬ್ಬಿನ ಬೇರಿಂಗು ಸಡಿಲವಾಗಿದೆ.

3. ಗೆಣ್ಣಿನ ಗೋಳ: ಮೇಲ್ಮೈ ನುಣುಪಾಗಿರಬೇಕು. ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಹೊಸ ಸೀಲು ಹಾಕಿದರೂ ಬೇಗ ಹರಿದು ಕೆಸರು ಒಳಗೆ ಹೋಗುತ್ತದೆ.

4. ಒಳಗಿನ ಜಾಯಿಂಟು: ಗೆಣ್ಣನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಸ್ಥಿತಿಯಲ್ಲಿ ಹಬ್ಬನ್ನು ಸುತ್ತಿಸಿ. ಎಲ್ಲಿಯೂ ಸಿಕ್ಕಿಕೊಳ್ಳಬಾರದು.

5. ಕೊಳವೆಯ ನೇರ: ಕೊಳವೆಯ ಎರಡು ತುದಿಗಳಲ್ಲಿ ಒಂದೇ ಎತ್ತರದ ಮರದ ತುಂಡುಗಳನ್ನಿಟ್ಟು ಹೊಟ್ಟೆಗೆ ತಾಗದಂತೆ ದಾರ ಬಿಗಿಯಿರಿ. ಕೊಳವೆಯ ಉದ್ದಕ್ಕೂ ದಾರದಿಂದ ಇರುವ ಅಂತರ ಒಂದೇ ಆಗಿರಬೇಕು. ಮೇಲ್ಗಡೆಯಿಂದಲೂ ಮುಂಗಡೆಯಿಂದಲೂ ಹೀಗೆ ನೋಡಿ. ಬಗ್ಗಿದ ಆಕ್ಸಲ್ ಅಪಘಾತದ ವಾಹನದ್ದಾಗಿರಬಹುದು.

6. ಬಿರುಕು: ಗೆಣ್ಣು, ಸ್ಟಿಯರಿಂಗಿನ ತೋಳು ಮತ್ತು ಸ್ಪ್ರಿಂಗ್ ಪೀಠದ ಸುತ್ತ ಚೊಕ್ಕಟಗೊಳಿಸಿ ಸೀಮೆ ಎಣ್ಣೆ ಅಥವಾ ಡೀಸೆಲ್ ಹಚ್ಚಿ ಕೆಲವು ನಿಮಿಷ ಬಿಡಿ. ಬಟ್ಟೆಯಿಂದ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಬಿಳಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಅಂಥ ಆಕ್ಸಲ್ ಪುಕ್ಕಟೆ ಸಿಕ್ಕರೂ ಬೇಡ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ನೋಂದಣಿಯಲ್ಲಿ ನಮೂದಾದ ವಿವರಗಳು ತಯಾರಕರು ಗೊತ್ತುಮಾಡಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಈ ನಿಯಮವನ್ನು ಎತ್ತಿಹಿಡಿದಿದೆ. ಕೆಟ್ಟ ಆಕ್ಸಲಿನ ಬದಲಿಗೆ ಅದೇ ಮಾದರಿಯದನ್ನು ಹಾಕುವುದು ದುರಸ್ತಿ ಎನಿಸಿಕೊಳ್ಳುತ್ತದೆ. ಎರಡು ಚಕ್ರಗಳ ಎಳೆತದ ಜೀಪಿಗೆ ಬೇರೆ ವಾಹನದ ಆಕ್ಸಲ್ ಹಾಕುವುದು ಮಾರ್ಪಾಡು. ಆದುದರಿಂದ ಹಣ ಕೊಡುವ ಮೊದಲೇ ದಾವಣಗೆರೆಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಖಾಸಗಿ ವಾಹನಕ್ಕೆ 15 ವರ್ಷವಾದ ಮೇಲೆ ನೋಂದಣಿಯನ್ನು ನವೀಕರಿಸುವಾಗ ವಾಹನವನ್ನು ಪರೀಕ್ಷೆಗೆ ಒಯ್ಯಬೇಕಾಗುತ್ತದೆ, ಆಗ ಈ ಪ್ರಶ್ನೆ ಬಂದೇ ಬರುತ್ತದೆ. ಅನುಮತಿಯಿಲ್ಲದ ಮಾರ್ಪಾಡಿರುವ ವಾಹನ ಅಪಘಾತಕ್ಕೀಡಾದರೆ ವಿಮೆಯ ಹಣಕ್ಕೂ ತಕರಾರು ಏಳಬಹುದು. ಗುಜರಿಯಲ್ಲಿ ಏನೇ ಕೊಂಡರೂ ರಸೀದಿ ಪಡೆಯಿರಿ. ಯಾವ ವಾಹನದಿಂದ ಬಿಚ್ಚಿದ್ದು ಎಂಬುದನ್ನೂ ಅದರಲ್ಲಿ ಬರೆಯಿಸಿ. ಕದ್ದ ಮಾಲಿನ ತಂಟೆ ಬೇಡ.

ಗುರುತಿನ ಚೀಟಿ

ಗುಜರಿಗೆ ಹೋಗುವಾಗ ನಿಮ್ಮ ಜೀಪಿನ ಕೆಳಗಿನ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಅಲ್ಲಿ ನೋಡಿದ ಆಕ್ಸಲಿನ ವಿವರಗಳನ್ನು ಪಕ್ಕದಲ್ಲಿಯೇ ಬರೆಯುತ್ತಾ ಹೋಗಿ:

1. ಹಿಂದಿನ ಆಕ್ಸಲಿನ ಗೇರ್ ಪ್ರಮಾಣ (20 ಸುತ್ತಿನ ಲೆಕ್ಕದಿಂದ)
2. ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಶಾಫ್ಟು ಹೊರಡುವ ಪಕ್ಕ
3. ಹಬ್ಬಿನ ಮುಖದಿಂದ ಮುಖಕ್ಕೆ ಅಗಲ
4. ಸ್ಪ್ರಿಂಗುಗಳ ನಡುವಿನ ಅಂತರ
5. ಚಕ್ರದ ಬೋಲ್ಟುಗಳ ಸಂಖ್ಯೆ ಮತ್ತು ವೃತ್ತದ ಅಗಲ
6. ಬ್ರೇಕಿನ ಬಗೆ
7. ಸ್ಟಿಯರಿಂಗ್ ತೋಳಿನ ಪಕ್ಕ, ಟೈ ರಾಡಿನ ಸ್ಥಾನ
8. ಫ್ಲ್ಯಾಂಜಿನ ಬೋಲ್ಟುಗಳ ಸಂಖ್ಯೆ ಮತ್ತು ಅಂತರ

ಇವುಗಳಲ್ಲಿ ಮೊದಲನೆಯದು, ಎರಡನೆಯದು ಅಥವಾ ಆರನೆಯದು ಹೊಂದದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಆಕ್ಸಲನ್ನು ಬಿಟ್ಟುಬಿಡಿ. ಉಳಿದವುಗಳಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಅನುಭವಿ ಮೆಕ್ಯಾನಿಕ್ಕಿಗೆ ಚೀಟಿ ತೋರಿಸಿ ಕೇಳಿ.

ಕೂರಿಸಿದ ಮೇಲೂ ನೆನಪಿಡಬೇಕಾದ ಸಂಗತಿಯೊಂದಿದೆ. ನಾಲ್ಕು ಚಕ್ರಗಳ ಎಳೆತವನ್ನು ಕೆಸರು, ಮರಳು, ಜಾರುವ ಏರು ಇವುಗಳಲ್ಲಿ ಮಾತ್ರ ಬಳಸಬೇಕು. ಡಾಂಬರು ರಸ್ತೆ ಬಂದ ಕೂಡಲೇ ಲಿವರ್ ಬಿಡಿಸಬೇಕು. ಅದು ಜೀಪನ್ನು ಹೊರಡಿಸುವುದಕ್ಕೆ ನೆರವಾಗುತ್ತದೆಯೇ ಹೊರತು ನಿಲ್ಲಿಸುವುದಕ್ಕಲ್ಲ. ಜೊತೆಗೆ, ಹಸಿ ಎರೆಯ ಮೇಲೆ ಯಾವ ವಾಹನ ಓಡಾಡಿದರೂ ಮಣ್ಣು ಒತ್ತಿಕೊಂಡು ಗಟ್ಟಿಯಾಗುತ್ತದೆ, ಅಲ್ಲಿ ಮುಂದಿನ ಬೆಳೆಯ ಬೇರು ಇಳಿಯುವುದಿಲ್ಲ. ಆದುದರಿಂದ ಶಕ್ತಿ ಹೆಚ್ಚಿದ ಜೀಪನ್ನು ಹೊಲದೊಳಗೆ ಇಳಿಸದೆ ಬದುವಿನ ದಾರಿಯಲ್ಲಿಯೇ ಓಡಿಸಿ.